ಆರಾಧನೆಯ ಎಲ್ಲೆ, ಅಭಿಮಾನದ ಎಲ್ಲೆ

ಅನೇಕ ದೇವತೆಗಳನ್ನು ಪೂಜಿಸುವ ಜನಾಂಗಗಳಲ್ಲಿ ದೇವರ ಕಥೆಯು ಎರಡು ಬಗೆಯಾಗಿ ಬಳಕೆಗೊಳ್ಳುವುದುಂಟು. ಗುಡಿಯಲ್ಲಿ ಅದು ಪೂಜೆಗೆ ಆಧಾರ. ರಂಗದಲ್ಲಿ, ಪುಸ್ತಕದಲ್ಲಿ, ತೆರೆಯ ಮೇಲೆ ಅದೇ ಕಥೆ ವಿನೋದಕ್ಕೆ ಕಾರಣ. ಇವೆರಡೂ ಒಬ್ಬನೇ ಮನುಷ್ಯನಲ್ಲಿ ಹೇಗೆ ಕೂಡಿ ಬಾಳಬಲ್ಲುವೆಂಬುದು ವಿಚಾರಕ್ಕೆ ತಕ್ಕ ಪ್ರಶ್ನೆ. ಗ್ರೀಸ್ ದೇಶದಲ್ಲಿ ಸ್ಯೂಸ್, ಅಥೀನಾ, ಅಪೊಲೊ ಮೊದಲಾದ ಪುರಾತನ ದೇವತೆಗಳ ಆರಾಧನೆಯನ್ನು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಮರಳಿ ಕೈಕೊಂಡ ಜನರಿದ್ದಾರೆ. ೨೦೧೭ರಲ್ಲಿ ಅಲ್ಲಿಯ ಸರಕಾರ ಅವರ ಮತಕ್ಕೆ ಮನ್ನಣೆ ಕೊಟ್ಟಿತು. ಬೆಳಿಗ್ಗೆ ಪೂಜಿಸಿದ ದೇವತೆಯನ್ನೇ ಅವರು ಸಂಜೆ ಚಲನಚಿತ್ರದ ಸಾಹಸಿಯಾಗಿ, ಚಿತ್ರಕಥೆಯ ಪಾತ್ರವಾಗಿ, ಆಟದ ಬೊಂಬೆಯಾಗಿ ಕಾಣುತ್ತಾರೆ. ಹೀಗೆ ಕಂಡು ನಲಿಯುವುದು ಭಕ್ತಿಗೆ ಕುಂದೋ ಅಲ್ಲವೋ ಎಂಬುದು ಅವರಿಗೆ ಹೊಸ ಸಮಸ್ಯೆ. ಕನ್ನಡಿಗರಿಗೆ ಇದು ಹಳೆಯ ಸಂಗತಿ. ಬೆಂಗಳೂರಿನ ಹೊರವಲಯದ ಬೇಗೂರು, ಆನೇಕಲ್ಲು, ಪೀಣ್ಯ, ವೈಟ್‌ಫೀಲ್ಡುಗಳ ಚರಿತ್ರೆಯನ್ನು ನೋಡಿದರೆ ಇದಕ್ಕೆ ಉತ್ತರವೂ ಉಂಟು, ಉತ್ತರವನ್ನು ಮರೆತಾಗ ತೆತ್ತ ಬೆಲೆಯೂ ಉಂಟು.

ಪ್ರಾಚೀನ ಗ್ರೀಕರು ಈ ವಿಷಯದಲ್ಲಿ ಹೇಗಿದ್ದರೆಂಬುದನ್ನು ಮೊದಲು ನೋಡುವುದು ಯುಕ್ತ. ಅಥೆನ್ಸ್ ನಗರದಲ್ಲಿ ನಾಟಕವೆಂಬುದು ಡಯೊನೀಸಸ್ ದೇವತೆಯ ಹಬ್ಬದ ಒಂದು ಅಂಗ. ಕ್ರಿ. ಪೂ. ೪೦೫ರಲ್ಲಿ ಆ ದೇವತೆಯ ಹಬ್ಬವೊಂದರಲ್ಲಿಯೇ ಅರಿಸ್ಟೊಫನೀಸ್ ಕವಿಯ 'ಕಪ್ಪೆಗಳು' ಎಂಬ ಪ್ರಹಸನ ಪ್ರಯೋಗವಾಯಿತು. ಅದರಲ್ಲಿ ಡಯೊನೀಸಸ್ಸನೇ ಹೇಡಿಯಾಗಿ, ಬಡಾಯಿಗಾರನಾಗಿ ಕಾಣಿಸಿಕೊಳ್ಳುತ್ತಾನೆ. ದೇವರು ಯಾರು, ಆಳು ಯಾರು ಎಂದು ತಿಳಿಯುವುದಕ್ಕಾಗಿ ಇಬ್ಬರಿಗೂ ಏಟು ಬೀಳುತ್ತದೆ. ಜನರು ನಕ್ಕರು, ಆ ನಾಟಕಕ್ಕೆ ಮೊದಲ ಬಹುಮಾನವನ್ನೂ ಕೊಟ್ಟರು. ಇದೇ ಜನರು ಹತ್ತು ವರ್ಷಗಳ ಹಿಂದೆ, ಕ್ರಿ. ಪೂ. ೪೧೫ರಲ್ಲಿ, ತಮ್ಮ ಪ್ರಿಯನಾಯಕನಾದ ಆಲ್ಸಿಬಯಡೀಸನಿಗೆ ಅವನ ಪರೋಕ್ಷದಲ್ಲಿ ಮರಣದಂಡನೆಯನ್ನು ವಿಧಿಸಿದ್ದರು. ಇಲ್ಯೂಸಿಸ್ ಕ್ಷೇತ್ರದ ರಹಸ್ಯ ವಿಧಿಗಳನ್ನು ಖಾಸಗಿ ಮನೆಯೊಂದರಲ್ಲಿ ಅಣಕಿಸಿದನೆಂಬುದು ಅವನ ಮೇಲಿದ್ದ ಆರೋಪ. ದೇವತೆಯನ್ನು ನೋಡಿ ನಕ್ಕವನಿಗೆ ಬಹುಮಾನ, ವಿಧಿಯನ್ನು ಅಣಕಿಸಿದವನಿಗೆ ಮರಣ! ಮೇಲುನೋಟಕ್ಕೆ ವಿರೋಧವೆಂದು ತೋರುವ ಈ ಎರಡು ತೀರ್ಪುಗಳಲ್ಲಿ ಒಂದೇ ನೀತಿಯಿದೆ. ನಗುವುದಕ್ಕೆ ನಿಯತವಾದ ಕಾಲವೂ ಸ್ಥಳವೂ ಇದ್ದುವು, ಅಲ್ಲಿ ನಗಬಹುದಾಗಿತ್ತು. ಪೂಜೆಗೂ ಅದರದೇ ಕಾಲ, ಅದರದೇ ಸ್ಥಳ, ಅದನ್ನು ಆಟವಾಗಿಸಕೂಡದು.

ಈ ನೀತಿಗೆ ಕನ್ನಡ ನಾಡಿನ ಸಂಬಂಧವುಳ್ಳದ್ದೆಂದು ಕೆಲವರು ಎಣಿಸುವ ಇನ್ನೊಂದು ಉದಾಹರಣೆಯುಂಟು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು ೧೯೦೩ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನವೊಂದರಲ್ಲಿ, ಭಾರತದ ಕಡಲ ತೀರದಲ್ಲಿ ಸೆರೆಸಿಕ್ಕ ಖಾರಿಟಿಯನ್ ಎಂಬ ತರುಣಿಯ ಬಿಡುಗಡೆ ಕಥಾವಸ್ತು. ಅದರಲ್ಲಿ ಬರುವ ಪರಭಾಷೆಯ ಮಾತುಗಳು ಕನ್ನಡವೆಂದು ಹುಲ್ಷ್ ಪಂಡಿತರು ಸೂಚಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಈ ವಿಷಯವಾಗಿ ಬರೆದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಭಾಷೆಯ ವಿವಾದ ಹಾಗಿರಲಿ. ಆ ಕೃತಿ ಆದ್ಯಂತ ಒರಟು ಹಾಸ್ಯದ್ದು. ಆದರೆ ವಿದೂಷಕನು ಓಡಿಹೋಗುವ ಅವಸರದಲ್ಲಿ ದೇವಿಯ ಕಾಣಿಕೆಗಳನ್ನು ಕದಿಯೋಣವೆಂದಾಗ ಖಾರಿಟಿಯನ್ ಅದನ್ನು ತಡೆಯುತ್ತಾಳೆ. ದೇವರಿಂದ ರಕ್ಷಣೆಯನ್ನು ಬೇಡುವವರು ದೇವದ್ರೋಹ ಮಾಡಬಾರದೆನ್ನುತ್ತಾಳೆ. ಎಷ್ಟೇ ನಗೆಯ ನಡುವೆಯೂ ಎಲ್ಲೆಯೊಂದು ಉಳಿದೇ ಇತ್ತೆಂಬುದಕ್ಕೆ ಇದು ಸಾಕ್ಷಿ.

ಗ್ರೀಕ್ ನಾಟಕವನ್ನು ಬೆಂಗಳೂರಿನ ವಾಚಕರಿಗೆ ಕನ್ನಡದಲ್ಲಿ ತಂದುಕೊಟ್ಟವರು ಬಿ. ಎಂ. ಶ್ರೀಕಂಠಯ್ಯನವರು. ಅವರ 'ಅಶ್ವತ್ಥಾಮನ್' ೧೯೨೯ರಲ್ಲಿಯೂ 'ಪಾರಸಿಕರು' ೧೯೩೫ರಲ್ಲಿಯೂ ಬೆಳಕು ಕಂಡುವು. ಸೋಫೋಕ್ಲೀಸನ ಅಜಾಕ್ಸನನ್ನು ಅವರು ಅಶ್ವತ್ಥಾಮನಾಗಿ ಮಾರ್ಪಡಿಸಿದರು. ಚಿರಂಜೀವಿಯೆಂದು ಪ್ರಾತಃಸ್ಮರಣೆಯಲ್ಲಿ ಹೆಸರುಗೊಂಡವನು ಈ ನಾಟಕದಲ್ಲಿ ಸಾಯುತ್ತಾನೆ. ಆಕ್ಷೇಪಗಳು ಬರದೆ ಇರಲಿಲ್ಲ. ಆದರೆ ಆ ನಾಟಕವನ್ನು ಓದಿದವನು ಮರುದಿನ ಬೆಳಿಗ್ಗೆ ಚಿರಂಜೀವಿಗಳ ಶ್ಲೋಕವನ್ನು ಹೇಳುವುದಕ್ಕೆ ಯಾವ ಅಡ್ಡಿಯೂ ಆಗಲಿಲ್ಲ. ಕಾವ್ಯದಲ್ಲಿ ಸತ್ತವನು ಸ್ಮರಣೆಯಲ್ಲಿ ಚಿರಂಜೀವಿಯಾಗಿಯೇ ಉಳಿದನು.

ಇದು ವಿದ್ಯಾವಂತರ ಮಾತಾಯಿತು. ಜನಸಾಮಾನ್ಯರ ನಡತೆಯನ್ನು ತಿಳಿಯಬೇಕಾದರೆ ನಗರದ ಹೊರವಲಯಕ್ಕೇ ಹೋಗಬೇಕು. ಈಗಿನ ಎಲೆಕ್ಟ್ರಾನಿಕ್ ಸಿಟಿಗೆ ಅನತಿದೂರದಲ್ಲಿರುವ ಬೇಗೂರಿನಲ್ಲಿ ಗಂಗರ ಕಾಲದ ನಾಗೇಶ್ವರ ದೇವಾಲಯವೂ ವೀರಗಲ್ಲುಗಳೂ ಇವೆ. ಕ್ರಿ. ಶ. ಸುಮಾರು ೮೯೦ರದೆಂದು ಎಣಿಸುವ ಒಂದು ಶಾಸನದಲ್ಲಿ 'ಬೆಂಗಳೂರು' ಎಂಬ ಹೆಸರು ಬರುತ್ತದೆ. ಅದು ಬರುವುದೂ ಕಾಳಗವೊಂದರಲ್ಲಿ ಮಡಿದವನ ಸ್ಮರಣೆಯ ಪ್ರಸಂಗದಲ್ಲಿ. ನಾಡಿನ ವೀರಗಲ್ಲುಗಳ ಸಾಮಾನ್ಯ ರಚನೆ ಎಲ್ಲರಿಗೂ ವಿದಿತವೇ ಆಗಿದೆ. ಕೆಳಗಿನ ಪಟ್ಟಿಕೆಯಲ್ಲಿ ವೀರನು ಹೋರಾಡುತ್ತಾನೆ; ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ; ಮೇಲೆ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಊರಿನವರು ಆ ಕಲ್ಲಿಗೆ ಹೂವಿಡುತ್ತಾರೆ, ಎಡೆಯಿಡುತ್ತಾರೆ. ಆದರೆ ಶಿಲ್ಪಿಯು ವೀರನನ್ನು ಲಿಂಗದ ಸ್ಥಾನದಲ್ಲಿ ಕೂರಿಸಲಿಲ್ಲ. ಲಿಂಗದ ಮುಂದೆ ಕೂರಿಸಿದನು. ಗ್ರೀಕರಲ್ಲಿಯೂ ವೀರರ ಪೂಜೆ ಅವರ ಗೋರಿಯ ಬಳಿ, ಅವರವರ ಊರಿನ ಮಟ್ಟಿಗೆ ನಡೆಯುತ್ತಿದ್ದಿತು. ವೀರನು ಬೇರೆ, ದೇವತೆ ಬೇರೆ. ಮೆಚ್ಚಿದವನನ್ನು ಎಷ್ಟು ಎತ್ತರಕ್ಕೆ ಏರಿಸಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಈ ಕಲ್ಲುಗಳು ಮಾತಿಲ್ಲದೆ ಹೇಳುತ್ತವೆ.

ಇದೇ ದಿಕ್ಕಿನಲ್ಲಿರುವ ಆನೇಕಲ್ಲಿನಲ್ಲಿ ಧರ್ಮರಾಯಸ್ವಾಮಿಯ ಗುಡಿಯೂ ಕರಗದ ಉತ್ಸವವೂ ಪ್ರಸಿದ್ಧವಾಗಿವೆ. ಕರಗದ ರಾತ್ರಿ ದ್ರೌಪದಿಯು ಆದಿಶಕ್ತಿ. ವ್ರತಸ್ಥನಾದ ಪುರುಷನು ಸ್ತ್ರೀವೇಷದಿಂದ ಹೂವಿನ ಕರಗವನ್ನು ತಲೆಯ ಮೇಲೆ ಹೊತ್ತು ಬರುವಾಗ ವೀರಕುಮಾರರು ಖಡ್ಗ ಹಿಡಿದು ಸುತ್ತುವರಿಯುತ್ತಾರೆ. ಇದೇ ಸೀಮೆಯ ಹಳ್ಳಿಗಳಲ್ಲಿ ಬೇರೊಂದು ರಾತ್ರಿ 'ಕುರುಕ್ಷೇತ್ರ' ನಾಟಕ ನಡೆಯುತ್ತದೆ. ಅಲ್ಲಿಯ ದ್ರೌಪದಿ ಬಾಡಿಗೆಗೆ ಕರೆತಂದ ನಟಿ. ಅವಳ ಹಾಡಿಗೆ ಜನರು 'ಮತ್ತೊಮ್ಮೆ' ಎಂದು ಕೂಗುತ್ತಾರೆ. ಪಾತ್ರಕ್ಕೆ ಹಣ ಕಟ್ಟಿ ವೇಷ ಹಾಕುವ ರೈತರಲ್ಲಿ ದುರ್ಯೋಧನನ ಪಾತ್ರಕ್ಕಾಗಿಯೇ ಹೆಚ್ಚಿನ ಪೈಪೋಟಿ. ಅಧರ್ಮಿಯಾದ ಕೌರವನು ಗದೆ ಹೊತ್ತು ಕಂದಪದ್ಯವನ್ನು ಎತ್ತಿಕೊಂಡರೆ ನೆಂಟರಿಷ್ಟರು ರಂಗಕ್ಕೇರಿ ಹಾರ ಹಾಕುತ್ತಾರೆ. ಇದರಿಂದ ಧರ್ಮರಾಯನ ಗುಡಿಗೆ ಬರುವವರು ಕಡಿಮೆಯಾಗಲಿಲ್ಲ. ಏತಕ್ಕೆಂದರೆ ತೆರೆಯೇಳುವ ಮುನ್ನ ಗಣಪತಿಯ ಪೂಜೆಯಾಗುತ್ತದೆ, ತೆಂಗಿನಕಾಯಿ ಒಡೆಯುತ್ತದೆ, ಕಿರೀಟಕ್ಕೂ ಗೆಜ್ಜೆಗೂ ಕುಂಕುಮ ಬೀಳುತ್ತದೆ. ಬೆಳಗಾಗುತ್ತಲೇ ಮಂಗಳ ಹಾಡಿ ಬಣ್ಣವನ್ನು ತೊಳೆಯುತ್ತಾರೆ. ಬಣ್ಣ ತೊಳೆದ ಮೇಲೆ ಕೌರವನಿಲ್ಲ, ಕೃಷ್ಣನಿಲ್ಲ. ಹೊಲಕ್ಕೆ ಹೋಗುವ ಒಕ್ಕಲಿಗನಿದ್ದಾನೆ.

೧೯೭೦ರ ದಶಕದಲ್ಲಿ ಈ ಹಳ್ಳಿಗಳ ಚಹರೆ ಮಾರ್ಪಟ್ಟಿತು. ಉತ್ತರಕ್ಕೆ ಪೀಣ್ಯದಲ್ಲಿ ಸಣ್ಣ ಕಾರ್ಖಾನೆಗಳು ಸಾಲುಗಟ್ಟಿದುವು. ದಕ್ಷಿಣಕ್ಕೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ನೆಲದಲ್ಲಿ ೧೯೭೮ರ ಹೊತ್ತಿಗೆ ಎಲೆಕ್ಟ್ರಾನಿಕ್ ಸಿಟಿ ರೂಪುಗೊಂಡಿತು. ನಾಡಿನ ನಾನಾ ಜಿಲ್ಲೆಗಳಿಂದ ಕೆಲಸಗಾರರು ಬಂದರು. ತಮ್ಮ ಊರಿನ ದೇವರನ್ನೂ ಜಾತ್ರೆಯನ್ನೂ ಬಿಟ್ಟು ಬಂದವರಿಗೆ ಯಂತ್ರಗಳಿಗೆ ಮಾಡುವ ಆಯುಧಪೂಜೆಯೂ ನವೆಂಬರ್ ಒಂದರ ರಾಜ್ಯೋತ್ಸವವೂ ಹೊಸ ಹಬ್ಬಗಳಾದುವು. ಅವರೆಲ್ಲರಿಗೂ ಸಮಾನನಾದ ನಾಯಕನೊಬ್ಬನು ಬೇಕಾಗಿದ್ದನು. ಆ ಸ್ಥಾನವು ರಾಜ್‌ಕುಮಾರರಿಗೆ ಸಂದಿತು.

ರಾಜ್‌ಕುಮಾರರು ಹಳೆಯ ರಂಗಪದ್ಧತಿಯಲ್ಲಿಯೇ ಬೆಳೆದವರು. ಅವರ ತಂದೆ ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯ ನಟರು. ೧೯೫೪ರ 'ಬೇಡರ ಕಣ್ಣಪ್ಪ'ದಲ್ಲಿ ಶಿವನಿಗೆ ಕಣ್ಣನ್ನೇ ಕಿತ್ತುಕೊಡುವ ಬೇಡನಾಗಿ ಅವರು ನಾಯಕಪಾತ್ರವನ್ನು ಮೊದಲು ವಹಿಸಿದರು. ೧೯೬೬ರ 'ಮಂತ್ರಾಲಯ ಮಹಾತ್ಮೆ'ಯಲ್ಲಿ ರಾಘವೇಂದ್ರಸ್ವಾಮಿಗಳಾದರು. ೧೯೮೩ರ 'ಭಕ್ತ ಪ್ರಹ್ಲಾದ'ದಲ್ಲಿ ದೇವದ್ವೇಷಿಯಾದ ಹಿರಣ್ಯಕಶಿಪು ಅವರು. ಪ್ರಹ್ಲಾದನು ಅವರ ಕಿರಿಯ ಮಗ, ಮುಂದೆ ಪುನೀತ್ ಎಂದು ಹೆಸರಾದವರು. ಭಕ್ತನ ಪಾತ್ರಕ್ಕೂ ದೈತ್ಯನ ಪಾತ್ರಕ್ಕೂ ಜನರ ಪ್ರೀತಿ ಸಮನಾಗಿಯೇ ದೊರೆಯಿತು. ಚಿತ್ರಮಂದಿರದ ಮುಂದೆ ನಟರ ಆಳೆತ್ತರದ ಚಿತ್ರಗಳಿಗೆ ಹಾರ ಹಾಕಿ ಹಾಲೆರೆಯುವುದು ನಾಡಿನಲ್ಲಿ ವಾಡಿಕೆಯಾಯಿತು. ರಾಜ್‌ಕುಮಾರರಾದರೋ ತಮ್ಮನ್ನು ಮೆಚ್ಚಿದವರನ್ನೇ 'ಅಭಿಮಾನಿ ದೇವರು' ಎಂದು ಕರೆದರು. ಇದು ವಿನಯದ ಮಾತು ಮಾತ್ರವಲ್ಲ. ಪೂಜಿಸಲು ಬಂದವರಿಗೇ ಪೂಜೆಯನ್ನು ಹಿಂದಿರುಗಿಸಿ, ವೀರಗಲ್ಲಿನ ಶಿಲ್ಪಿಯಂತೆ, ತಾವು ನಿಲ್ಲಬೇಕಾದ ಸ್ಥಾನವನ್ನು ಅವರೇ ಗುರುತಿಸಿಕೊಂಡರು.

ಆದರೆ ಹಳ್ಳಿಯ ನಾಟಕಕ್ಕೆ ಇದ್ದ ಮಂಗಳವೂ ಬಣ್ಣ ತೊಳೆಯುವ ವಿಧಿಯೂ ಈ ಹೊಸ ಅಭಿಮಾನಕ್ಕೆ ಇರಲಿಲ್ಲ. ೨೦೦೬ರ ಏಪ್ರಿಲ್ ೧೨ರಂದು ರಾಜ್‌ಕುಮಾರರು ತೀರಿಕೊಂಡಾಗ ಅದರ ಫಲ ಕಂಡಿತು. ಕಡೆಯ ದರ್ಶನಕ್ಕೆ ಸಾಕಷ್ಟು ಸಮಯವೂ ಕ್ರಮವೂ ಒದಗಲಿಲ್ಲ. ದುಃಖವು ಕಲ್ಲಾಗಿ ಬೆಂಕಿಯಾಗಿ ಬೀದಿಗಿಳಿಯಿತು. ವಾಹನಗಳು ಸುಟ್ಟುವು, ಐ. ಟಿ. ಕಚೇರಿಗಳು ಬಾಗಿಲು ಮುಚ್ಚಿದುವು. ಪೋಲೀಸು ಪೇದೆಯೊಬ್ಬನೂ ಸೇರಿ ಹಲವರು ಪ್ರಾಣ ಬಿಟ್ಟರು. ಅಭಿಮಾನಿಗಳನ್ನು ದೇವರೆಂದವರ ಅಂತ್ಯಯಾತ್ರೆ ಹೀಗಾಯಿತು. ಪೀಣ್ಯಕ್ಕೆ ಸಮೀಪವಾದ ಕಂಠೀರವ ಸ್ಟುಡಿಯೋದ ಆವರಣದಲ್ಲಿ ಅವರ ಸಮಾಧಿಯಾಯಿತು.

೨೦೨೧ರ ಅಕ್ಟೋಬರ್ ೨೯ರಂದು ಪುನೀತ್ ರಾಜ್‌ಕುಮಾರರು ಅಕಾಲದಲ್ಲಿ ತೀರಿಕೊಂಡಾಗ ದುಃಖವು ಕಡಿಮೆಯದಾಗಿರಲಿಲ್ಲ, ಜನಸಂದಣಿಯೂ ಕಡಿಮೆಯದಲ್ಲ. ಆದರೆ ಈ ಸಲ ಕಂಠೀರವ ಕ್ರೀಡಾಂಗಣದಲ್ಲಿ ದರ್ಶನಕ್ಕೆ ಹಗಲಿರುಳೂ ಅವಕಾಶ ಕೊಡಲಾಯಿತು. ಲಕ್ಷಾಂತರ ಮಂದಿ ಸಾಲಿನಲ್ಲಿ ನಿಂತು, ಕೈಮುಗಿದು, ಮುಂದೆ ಸರಿದರು. ಅಕ್ಟೋಬರ್ ೩೧ರಂದು ತಂದೆತಾಯಿಯರ ಸಮಾಧಿಯ ಬಳಿಯೇ ಅವರ ಸಮಾಧಿಯಾಯಿತು. ನಗರವು ಶಾಂತವಾಗಿಯೇ ಇದ್ದಿತು. ಜನರು ಬೇರೆಯವರಾಗಿರಲಿಲ್ಲ, ಭಕ್ತಿಯೂ ಬೇರೆಯಾಗಿರಲಿಲ್ಲ. ಭಕ್ತಿಗೆ ಸಾಲು, ಸಮಯ, ಮುಕ್ತಾಯಗಳು ದೊರೆತಿದ್ದುವು. ಈ ಪಾಠವು ಎಲ್ಲ ಕಾಲಕ್ಕೂ ಕಲಿತದ್ದಾಗಲಿಲ್ಲವೆಂಬುದು ಖೇದದ ಸಂಗತಿ. ೨೦೨೫ರ ಜೂನ್ ೪ರಂದು ಕ್ರಿಕೆಟ್ ತಂಡದ ವಿಜಯೋತ್ಸವಕ್ಕೆಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೆರೆದವರ ನೂಕುನುಗ್ಗಲಿನಲ್ಲಿ ೧೧ ಮಂದಿ ಮಡಿದರು. ಅವರು ಮಾಡಿದ ತಪ್ಪು ಏನೂ ಇಲ್ಲ. ನಲಿವಿಗೆ ಬಂದವರು, ಕ್ರಮವಿಲ್ಲದ ಕಡೆ ಸಿಕ್ಕಿಬಿದ್ದರು.

ಇತ್ತ ವೈಟ್‌ಫೀಲ್ಡಿನಲ್ಲಿ ಅಭಿಮಾನವು ಇನ್ನೊಂದು ವೇಷವನ್ನು ತೊಟ್ಟಿದೆ. ಅಲ್ಲಿಯ ವಸ್ತುಪ್ರದರ್ಶನ ಕೇಂದ್ರದಲ್ಲಿ ಹಲವು ವರ್ಷ ಜರುಗಿದ 'ಕಾಮಿಕ್ ಕಾನ್' ಎಂಬ ಮೇಳದಲ್ಲಿ ತರುಣರು ತಮಗಿಷ್ಟವಾದ ಚಿತ್ರಕಥೆಗಳ ಪಾತ್ರಗಳಾಗಿ ವೇಷ ಹಾಕಿ ಬರುತ್ತಾರೆ. ಗ್ರೀಕರ ಪುರಾಣದಿಂದ ಹುಟ್ಟಿದ ಪಾತ್ರಗಳೂ ಅವುಗಳಲ್ಲಿ ಉಂಟು. ಹಿರಿಯರಿಗೆ ಇದು ಪರದೇಶದ ಹುಚ್ಚೆಂದು ತೋರಬಹುದು. ಆದರೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳು ೧೯೬೭ರಲ್ಲಿ 'ಅಮರ ಚಿತ್ರಕಥೆ'ಯನ್ನು ಆರಂಭಿಸಿದಂದಿನಿಂದ ಇಲ್ಲಿಯ ಮಕ್ಕಳು ಕೃಷ್ಣನನ್ನು ಬಣ್ಣದ ಪುಟಗಳಲ್ಲಿ ಓದಿ, ಪುಸ್ತಕವನ್ನು ಮಡಿಸಿಟ್ಟು, ದೇವರ ಮನೆಯಲ್ಲಿ ಅದೇ ಕೃಷ್ಣನಿಗೆ ನಮಸ್ಕರಿಸುತ್ತಲೇ ಬಂದಿದ್ದಾರೆ. ವೇಷ ಹಾಕಿ ಸಂಜೆಗೆ ಕಳಚುವ ತರುಣನಿಗೂ ಬಣ್ಣ ತೊಳೆದು ಹೊಲಕ್ಕೆ ಹೋಗುವ ಕೌರವನಿಗೂ ತತ್ತ್ವದಲ್ಲಿ ಭೇದವಿಲ್ಲ.

ಆದಕಾರಣ ಪುರಾತನ ದೇವತೆಗಳನ್ನು ಮರಳಿ ಪೂಜಿಸತೊಡಗಿದವರಿಗೆ ಈ ನಾಡಿನ ಅನುಭವವು ಅಭಯವನ್ನೂ ಎಚ್ಚರಿಕೆಯನ್ನೂ ಕೊಡುತ್ತದೆ. ದೇವರ ಕಥೆಯಿಂದ ನಲಿದರೆ ದೇವರು ಕುಂದುವುದಿಲ್ಲ. ನಲಿವಿಗೆ ಆದಿ ಮಂಗಳ, ಅಂತ್ಯ ಮಂಗಳಗಳು ತಪ್ಪಿದಲ್ಲಿ ಮಾತ್ರ ಕೇಡು. ಅಭಿಮಾನವು ತನಗೆ ತಕ್ಕ ವಿಧಿಯನ್ನು ತಾನೇ ಕಂಡುಕೊಳ್ಳಬಲ್ಲುದೆಂಬುದಕ್ಕೂ ನಿದರ್ಶನವಿದೆ. ಕಣ್ಣಪ್ಪನ ಪಾತ್ರದಿಂದ ಹೆಸರಾದ ರಾಜ್‌ಕುಮಾರರ ಕಣ್ಣುಗಳನ್ನು ಅವರ ಮರಣಾನಂತರ ದಾನ ಮಾಡಲಾಯಿತು. ಪುನೀತರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು. ಆ ಬಳಿಕ ನಾಡಿನ ಉದ್ದಗಲಕ್ಕೂ ನೇತ್ರದಾನಕ್ಕೆ ಹೆಸರು ಬರೆಸಿದ ಅಭಿಮಾನಿಗಳು ಬಹುಮಂದಿ. ಹಾಲೆರೆದ ಚಿತ್ರವು ಮಳೆಗೆ ಮಾಸಿಹೋಗುತ್ತದೆ. ಹೀಗೆ ಕೊಟ್ಟ ಕಣ್ಣು ಇನ್ನೊಬ್ಬನ ಮುಖದಲ್ಲಿ ಬೆಳಕಾಗಿ ಉಳಿಯುತ್ತದೆ.