ಚಿಪ್ಪಣಬೆ

ಚಿಪ್ಪಣಬೆಯು ಪ್ಲೂರೋಟಸ್ ಕುಲಕ್ಕೆ ಸೇರಿದ, ಕಪ್ಪೆಚಿಪ್ಪಿನ ಆಕಾರದ ಖಾದ್ಯ ಶಿಲೀಂಧ್ರ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಹಾರದ ಕೊರತೆಯನ್ನು ನೀಗಲು ಜರ್ಮನಿಯಲ್ಲಿ ಇದನ್ನು ಬೆಳೆಸಲಾಯಿತು. ಕರ್ನಾಟಕದಲ್ಲಿ ಇದನ್ನು ಭತ್ತದ ಹುಲ್ಲಿನ ಮೇಲೆ ಮನೆಗಳಲ್ಲಿಯೂ ಬೆಳೆಯುತ್ತಾರೆ.

ಬೆಳೆಯುವ ಕ್ರಮ

ಸುಮಾರು 5 ಸೆಂ.ಮೀ. ಉದ್ದಕ್ಕೆ ಕತ್ತರಿಸಿದ ಹುಲ್ಲನ್ನು ರಾತ್ರಿಯಿಡೀ ನೆನೆಸಿ, ಅರ್ಧ ಗಂಟೆ ಕುದಿಸಿ, ನೀರು ಬಸಿದು ಆರಿಸಬೇಕು. ಕುದಿಸುವುದರಲ್ಲಿ ಅಲಕ್ಷ್ಯ ಮಾಡಿದರೆ ಹಸಿರು ಬೂಷ್ಟು ಹಬ್ಬಿ ಬೆಳೆ ಕೆಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಹುಲ್ಲು ಮತ್ತು ಅಣಬೆ ಬೀಜವನ್ನು ಪದರ ಪದರವಾಗಿ ತುಂಬಿ, ಬಾಯಿ ಕಟ್ಟಿ, ಸಣ್ಣ ರಂಧ್ರಗಳನ್ನು ಮಾಡಿ 15–20 ದಿನ ಕತ್ತಲೆಯ ಕೋಣೆಯಲ್ಲಿಡಬೇಕು. ಬಿಳಿಯ ಎಳೆಗಳು ಹುಲ್ಲನ್ನು ಪೂರ್ತಿ ಆವರಿಸಿದ ಬಳಿಕ ಚೀಲವನ್ನು ಸೀಳಿ, ಮಂದ ಬೆಳಕು, ಗಾಳಿ ಹಾಗೂ ತೇವ ಒದಗಿಸಿದರೆ ಸುಮಾರು ಒಂದು ವಾರದಲ್ಲಿ ಅಣಬೆ ಕೊಯ್ಲಿಗೆ ಬರುತ್ತದೆ.

ಪರಿಸರದಲ್ಲಿ ಪಾತ್ರ

ಸಸ್ಯಗಳಿಗೆ ಗಡಸುತನ ನೀಡುವ ಲಿಗ್ನಿನ್ ಎಂಬ ವಸ್ತುವನ್ನು ವಿಘಟಿಸಬಲ್ಲ ಕೆಲವೇ ಜೀವಿಗಳಲ್ಲಿ ಚಿಪ್ಪಣಬೆಯೂ ಒಂದು. ಕಾಡಿನಲ್ಲಿ ಬಿದ್ದ ಮರಗಳು ಮಣ್ಣಾಗುವುದು ಮುಖ್ಯವಾಗಿ ಇಂಥ ಶಿಲೀಂಧ್ರಗಳಿಂದ. ಕೊಯ್ಲಿನ ನಂತರ ಉಳಿದ ಹುಲ್ಲು ಉತ್ತಮ ಗೊಬ್ಬರ. ಸುಟ್ಟರೆ ಬರಿಯ ಹೊಗೆಯಾಗುವ ಹುಲ್ಲು ಹೀಗೆ ಆಹಾರವನ್ನೂ ಕೊಟ್ಟು ಮಣ್ಣನ್ನೂ ಸೇರುತ್ತದೆ.

ಎಚ್ಚರಿಕೆ

ಕಾಡಣಬೆಗಳಲ್ಲಿ ಮಾರಕ ವಿಷವುಳ್ಳವೂ ಇವೆ. ಬೇಯಿಸಿದರೂ ಕೆಲವುಗಳ ವಿಷ ಹೋಗದು. ಆದ್ದರಿಂದ ಚಿಪ್ಪಣಬೆಯನ್ನು ಹೋಲುತ್ತವೆ ಎಂಬ ಮಾತ್ರಕ್ಕೆ ಅವನ್ನು ತಿನ್ನಬಾರದು.