ಮಾತ್ರೆ ಎಣಿಸಿ ಕಲಿತ ಹೊಸ ಕವಿತೆ

ಮುಂಬಯಿಯಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಪದ್ಯ ಬರೆಯುವ ಹಂಬಲವುಳ್ಳವರು ಇಲ್ಲದಿಲ್ಲ. “ಮರಾಠಿ, ಇಂಗ್ಲಿಷ್ ಶಾಲೆಗಳಲ್ಲಿ ಓದಿದ ನಮಗೆ ಕನ್ನಡ ಕವಿತೆ ಒಲಿದೀತೆ?” ಎಂದು ಹಿಂಜರಿಯುತ್ತಾರೆ, ಅಷ್ಟೆ. ಹೊಸಗನ್ನಡ ಕವಿತೆಯ ಹಿರಿಯರು ತಾವು ಹೇಗೆ ಕಲಿತರೆಂಬುದನ್ನು ಅವರಿಗೆ ತಿಳಿಸಬೇಕು.

ಬಿ. ಎಂ. ಶ್ರೀಕಂಠಯ್ಯನವರು ಮೈಸೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರು. ಮನೆಯ ಮಾತು ತಮಿಳು. ಹಳೆಯ ಪದ್ಯಕ್ಕೆ, ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ಆದಿಪ್ರಾಸದ ಕಟ್ಟು ಇತ್ತಷ್ಟೆ. ಶ್ರೀಯವರು ಇಂಗ್ಲಿಷ್ ಕವಿತೆಗಳನ್ನು ಒಂದೊಂದಾಗಿ ಕನ್ನಡಿಸುತ್ತ ಆ ಕಟ್ಟನ್ನು ಸಡಿಲಿಸುವ ಬಗೆಯನ್ನು ಕಂಡುಕೊಂಡರು. 1926ರ ‘ಇಂಗ್ಲಿಷ್ ಗೀತಗಳು’ ಆ ಸಾಧನೆಯ ಫಲ.

ನ್ಯೂಮನ್ 1833ರಲ್ಲಿ ಬರೆದ ಪ್ರಾರ್ಥನೆ ಆ ಪುಸ್ತಕದಲ್ಲಿದೆ. ಅದನ್ನು ನಮ್ಮ ಸಭೆಗಳಲ್ಲಿ ಕೇಳದವರಾರು? ಮೊದಲ ಸಾಲನ್ನು ಬೆರಳು ಮಡಿಸಿ ಎಣಿಸಿರಿ: ಹ್ರಸ್ವಕ್ಕೆ 1 ಮಾತ್ರೆ, ದೀರ್ಘಕ್ಕೆ 2, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ 2. (ದಿನವಿಡೀ ಲೆಡ್ಜರ್ ಕೂಡಿಸುವ ನನ್ನಂಥವನಿಗೆ ಈ ಲೆಕ್ಕ ಬಲು ರುಚಿ!) 5 ಮಾತ್ರೆಯ 4 ಗಣಗಳು, ಒಟ್ಟು 20. ಲಕ್ಷ್ಮೀಶನ ‘ಜೈಮಿನಿ ಭಾರತ’ದ ವಾರ್ಧಕ ಷಟ್ಪದಿಯ ಮೊದಲ ಪಾದದ ಲೆಕ್ಕವೂ ಇದೇ! ಆದರೆ ಆದಿಪ್ರಾಸವಿಲ್ಲ, ಉದ್ದ ಸಾಲಿನ ಬೆನ್ನಿಗೇ ಗಿಡ್ಡ ಸಾಲು ಬರುವ ಏರ್ಪಾಡು ನ್ಯೂಮನ್ನನದು. ಹಾಡುವವರಿಗೆ ಇದು ಪರದೇಶದ್ದೆನಿಸದಿರುವುದಕ್ಕೆ ಆ ಹಳೆಯ ನಡಿಗೆಯೇ ಕಾರಣವೆಂದು ನನ್ನ ಎಣಿಕೆ.

ಪ್ರಾಸವನ್ನು ಬಿಡುವ ಧೈರ್ಯವನ್ನು ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿಯೇ ತೋರಿದ್ದರು. ಅವರ ಮನೆಮಾತು ಕೊಂಕಣಿ. 1951ರಲ್ಲಿ ನಮ್ಮ ಮುಂಬಯಿಯಲ್ಲಿಯೇ ನೆರೆದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರೂ ಅವರೇ. ಮರಾಠಿ ಮನೆಮಾತಿನ ಬೇಂದ್ರೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು. ಕವಿತೆಯ ನಡೆಗಾದರೋ ಜನಪದರ ತ್ರಿಪದಿ, ಲಾವಣಿಗಳಿಗೆ ಕಿವಿಗೊಟ್ಟರು.

ಗದ್ಯದಂತೆ ಕವಿತೆ ಬರೆಯುವ ಈ ಕಾಲದಲ್ಲಿ ಮಾತ್ರೆಯ ಗೊಡವೆ ಏಕೆಂದು ತರುಣರು ಕೇಳಬಹುದು. ಗೋಪಾಲಕೃಷ್ಣ ಅಡಿಗರ 1946ರ ‘ಭಾವತರಂಗ’ವು ಹಿಂದಿನವರ ಹದದಲ್ಲಿಯೇ ಮೂಡಿದ್ದು. ಅಲ್ಲಿ ಕೈ ಪಳಗಿದ ಮೇಲೆ ಅವರು 1954ರ ‘ಚಂಡೆ ಮದ್ದಳೆ’ಯಲ್ಲಿ ಬೇರೆಯದೇ ಲಯವನ್ನು ಹಿಡಿದರು. ಎರಡೂ ಸಂಘದ ಕಪಾಟಿನಲ್ಲಿವೆ. ಮಕ್ಕಳು ಬಂದು ಕೇಳಿದರೆ ಸಾಕು.