ಕಂಪ್ಯೂಟರ್ ಬೇಡ ಅಂದ ಹೆಸರು

ಭಾಗ 1

ಕಳೆದ ತಿಂಗಳು ಕಾಲೇಜಿನ ಲ್ಯಾಬ್‌ನಲ್ಲಿ ಆದದ್ದು. ಸಂವಿಧಾನ ಪೇಪರಿನ ನೋಟ್ಸ್ ಹಾಕ್ಲಿಕ್ಕೆ ಒಂದು ಫೋಲ್ಡರ್ ಬೇಕಿತ್ತು. ಕಾನ್‌ಸ್ಟಿಟ್ಯೂಷನ್ ಅಂತ ಪೂರ್ತಿ ಟೈಪ್ ಮಾಡ್ಲಿಕ್ಕೆ ಉದಾಸೀನ. ಇಂಗ್ಲಿಷಿನ ಮೊದಲ ಮೂರೇ ಅಕ್ಷರ ಹೊಡೆದೆ: ಸಿ, ಓ, ಎನ್. ಎಂಟರ್ ಒತ್ತಿದೆ. ಈ ಡಿವೈಸ್ ಹೆಸರು ಸರಿ ಇಲ್ಲ ಅಂತ ಒಂದು ಪೆಟ್ಟಿಗೆ ಬಂತು. ನಾನು ಡಿವೈಸ್ ಎಲ್ಲಿ ಕೇಳಿದೆ ಮಾರಾಯ್ರೆ, ಫೋಲ್ಡರ್ ಅಲ್ವಾ ಕೇಳಿದ್ದು? ಮೂರು ಸಲ ಮಾಡಿದೆ. ಮೂರು ಸಲವೂ ಅದೇ.

ಪಕ್ಕದಲ್ಲಿ ಕೂತ ಗೆಳತಿ "ವೈರಸ್ ಇರ್ಬೇಕು, ಪೆನ್‌ಡ್ರೈವ್ ಹಾಕ್ಬೇಡ" ಅಂದ್ಳು. ಸಂಜೆ ಮನೆಯಲ್ಲಿ ಇದನ್ನು ನಗಾಡಿಕೊಂಡು ಹೇಳಿದೆ. ಅಮ್ಮ ನಗಲಿಲ್ಲ. "ನಿನ್ನ ಮಾವನಿಗೆ ಆದದ್ದೂ ಇದೇ ಅಲ್ವಾ?" ಅಂದ್ರು.

ಅಲ್ಲಿಂದ ಈ ಸರಣಿ ಶುರು. ಒಟ್ಟು ಏಳು ಭಾಗ. ಮೂರು ಅಕ್ಷರದ ಚರಿತ್ರೆ, ಜೊತೆಗೆ ನಮ್ಮ ಮನೆಯದ್ದೂ ಸ್ವಲ್ಪ. (ಫೋಟೋ: ಮಾವನ ಹಳೇ ಲೆಕ್ಕದ ಪುಸ್ತಕ. ಕಂಪ್ಯೂಟರಿನ ಫೋಟೋ ಯಾರ ಹತ್ರವೂ ಇಲ್ಲ.)

ಭಾಗ 2

ನಮ್ಮ ಕಡೆ ಬೀಡಿ ಕಟ್ಟದ ಮನೆ ಒಂದು ಕಾಲದಲ್ಲಿ ಕಮ್ಮಿ ಇತ್ತು. ಅಮ್ಮ ಕಟ್ಟಿದ್ದಾರೆ, ಅಜ್ಜಿ ಕಟ್ಟಿದ್ದಾರೆ. ಎಲೆ, ಹೊಗೆಸೊಪ್ಪು ಬ್ರಾಂಚಿನಿಂದ ತರುವುದು, ಮನೆಯಲ್ಲಿ ಕಟ್ಟುವುದು, ಕಟ್ಟಿದ್ದನ್ನು ಮತ್ತೆ ಬ್ರಾಂಚಿಗೆ ಕೊಡುವುದು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಮನೆಯಲ್ಲೇ ಕೂತು ಕಟ್ಟುವವರನ್ನೂ ಕಾರ್ಮಿಕರು ಅಂತ ಒಪ್ಪಿದ ಕಾಯ್ದೆ ಬಂದದ್ದು 1966ರಲ್ಲಿ. ಅವರಿಗೂ ಪಿಎಫ್ ಉಂಟು. ಪಿಎಫ್ ಉಂಟು ಅಂದ್ರೆ ಲೆಕ್ಕ ಉಂಟು. ಲೆಕ್ಕ ತಪ್ಪಿದ್ರೆ ಹೋಗುವುದು ಆ ಹೆಂಗಸರ ದುಡ್ಡು.

ಮಾವ ಒಂದು ಬ್ರಾಂಚಿನ ಲೆಕ್ಕ ಬರೀತಿದ್ದರು. 2008ರ ಹೊತ್ತಿಗೆ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಒಂದು ತಗೊಂಡ್ರು, ವಿಂಡೋಸ್ ಎಕ್ಸ್‌ಪಿ ಇದ್ದದ್ದು. ನಲವತ್ತಕ್ಕೂ ಹೆಚ್ಚು ಹೆಂಗಸರ ಹತ್ತು ತಿಂಗಳ ಲೆಕ್ಕ ಎಕ್ಸೆಲ್‌ಗೆ ಹಾಕಿದ್ರು. ಒಂದು ದಿನ ಕಾಂಟ್ರಾಕ್ಟರ್ ಕೊಡಬೇಕಾದ ಲೆಕ್ಕಕ್ಕೆ ಬೇರೆ ಫೋಲ್ಡರ್ ಮಾಡುವ ಅಂತ ಮೂರು ಅಕ್ಷರ ಹೊಡೆದ್ರು. ಅದೇ ಸಿ, ಓ, ಎನ್. ಎಕ್ಸ್‌ಪಿ ಎಂತದೂ ಹೇಳಲಿಲ್ಲ. ಹೆಸರು ಅಳಿಸಿ ಮತ್ತೆ "ನ್ಯೂ ಫೋಲ್ಡರ್" ಅಂತಲೇ ತೋರಿಸ್ತು. ಹತ್ತು ಸಲ ಮಾಡಿದ್ರೂ ಹಾಗೆಯೇ.

ರಿಪೇರಿಯವರನ್ನು ಕರೆದ್ರು. ಅವರು ನೋಡಿ "ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡ್ಬೇಕು" ಅಂದ್ರು. ಮಾಡಿದ್ರು. ಬ್ಯಾಕಪ್ ಅಂದ್ರೆ ಎಂತ ಅಂತ ಮಾವನಿಗೆ ಗೊತ್ತಿರಲಿಲ್ಲ, ಅವರೂ ಕೇಳಲಿಲ್ಲ. ಹತ್ತು ತಿಂಗಳು ಹೋಯ್ತು. ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಅದೇ ಹೆಸರಿನ ಫೋಲ್ಡರ್ ಮಾಡಿ ನೋಡಿದ್ರೆ ಮತ್ತೆ ಆಗಲಿಲ್ಲ!

ಭಾಗ 3

ಹಾಗಾದ್ರೆ ಆ ಮೂರು ಅಕ್ಷರದಲ್ಲಿ ಎಂತದು ಉಂಟು? ಅದಕ್ಕೆ 1974ಕ್ಕೆ ಹೋಗ್ಬೇಕು, ಕ್ಯಾಲಿಫೋರ್ನಿಯಾಕ್ಕೆ.

ಗ್ಯಾರಿ ಕಿಲ್ಡಾಲ್ ಅಂತ ಒಬ್ಬರು ಸಣ್ಣ ಕಂಪ್ಯೂಟರುಗಳಿಗಾಗಿ ಸಿಪಿ/ಎಂ ಅನ್ನುವ ಆಪರೇಟಿಂಗ್ ಸಿಸ್ಟಮ್ ಬರೆದ್ರು. ಅದರಲ್ಲಿ ಫೈಲ್ ಒಂದನ್ನು ಇಲ್ಲಿಂದ ಅಲ್ಲಿಗೆ ಕಳಿಸುವ ಒಂದು ಪ್ರೋಗ್ರಾಂ ಇತ್ತು. ಅದಕ್ಕೆ ಫೈಲಿನ ಹೆಸರು ಕೊಡುವ ಜಾಗದಲ್ಲಿ ಯಂತ್ರದ ಹೆಸರನ್ನೂ ಕೊಡಬಹುದಿತ್ತು. ಸಿಓಎನ್ ಅಂದ್ರೆ ಕನ್ಸೋಲ್, ಅಂದ್ರೆ ನಿಮ್ಮ ಎದುರಿನ ಕೀಬೋರ್ಡ್ ಮತ್ತು ಪರದೆ. ಹೆಸರಿನ ಕೊನೆಗೆ ಎರಡು ಚುಕ್ಕಿ ಇಡಬೇಕಿತ್ತು. ಚುಕ್ಕಿ ಇದ್ರೆ ಯಂತ್ರ, ಇಲ್ಲದಿದ್ರೆ ಫೈಲ್. ಗೊಂದಲವೇ ಇಲ್ಲ.

1980ರಲ್ಲಿ ಸಿಯಾಟಲ್‌ನಲ್ಲಿ ಟಿಮ್ ಪ್ಯಾಟರ್ಸನ್ ಅನ್ನುವ ಇನ್ನೊಬ್ಬರು ಇಂಟೆಲ್ 8086 ಚಿಪ್‌ಗೆ ಸಿಪಿ/ಎಂನ ಮಾದರಿಯಲ್ಲೇ ಒಂದು ಸಿಸ್ಟಮ್ ಬರೆದ್ರು. ಅವಸರದಲ್ಲಿ ಬರೆದದ್ದು, ಅದರ ಮೊದಲ ಹೆಸರಿನ ಅರ್ಥವೇ "ಬೇಗ ಮಾಡಿದ, ಒರಟು" ಅಂತ. ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. 1981ರ ಆಗಸ್ಟ್‌ನಲ್ಲಿ ಐಬಿಎಂ ಪಿಸಿ ಬಂದಾಗ ಅದರೊಳಗೆ ಇದ್ದದ್ದು ಇದೇ. ಅದೇ ಡಾಸ್.

ಡಾಸ್‌ನಲ್ಲಿ ಒಂದು ಸಣ್ಣ ಬದಲಾವಣೆ ಆಯ್ತು: ಎರಡು ಚುಕ್ಕಿ ಇಡಲೇಬೇಕು ಅಂತ ಇಲ್ಲ. ಬರೀ ಸಿಓಎನ್ ಅಂದ್ರೂ ಅದು ಕನ್ಸೋಲ್. ಪಿಆರ್‌ಎನ್ ಅಂದ್ರೆ ಪ್ರಿಂಟರ್. ಎಯುಎಕ್ಸ್ ಅಂದ್ರೆ ಮೋಡೆಮ್ ತರದ್ದನ್ನು ಸಿಕ್ಕಿಸುವ ಕಿಂಡಿ. ಎನ್‌ಯುಎಲ್ ಅಂದ್ರೆ ಯಾವುದೂ ಅಲ್ಲ, ಅಲ್ಲಿಗೆ ಕಳಿಸಿದ್ದು ಮಾಯ.

ಇದರಿಂದ ಉಪಕಾರವೂ ಇತ್ತು. ಯಾವ ಪ್ರೋಗ್ರಾಂ ಆದ್ರೂ, ಫೈಲಿನ ಹೆಸರು ಕೇಳಿದಾಗ ಪಿಆರ್‌ಎನ್ ಅಂತ ಕೊಟ್ರೆ ಸೀದಾ ಪ್ರಿಂಟ್ ಆಗಿ ಬರ್ತಿತ್ತು. ಪ್ರೋಗ್ರಾಂ ಬರೆದವನಿಗೆ ಪ್ರಿಂಟರ್ ಅಂದ್ರೆ ಎಂತ ಅಂತ ಗೊತ್ತಿರಬೇಕಾಗಿಯೇ ಇರಲಿಲ್ಲ.

ಭಾಗ 4

ಈಗ ಮುಖ್ಯ ವಿಷಯ. 1981ರ ಡಾಸ್‌ನಲ್ಲಿ ಫೋಲ್ಡರ್ ಅನ್ನುವುದೇ ಇರಲಿಲ್ಲ! ಒಂದು ಫ್ಲಾಪಿಯಲ್ಲಿ 160 ಕೆಬಿ ಜಾಗ. ಇವತ್ತು ವಾಟ್ಸಾಪ್‌ನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಫೋಟೋ ಅದರಲ್ಲಿ ಹಿಡಿಯುವುದು ಸಂಶಯ. ಅಷ್ಟು ಸಣ್ಣ ಕೋಣೆಗೆ ಕಪಾಟು ಯಾಕೆ?

1983ರಲ್ಲಿ ಐಬಿಎಂ ಪಿಸಿ ಎಕ್ಸ್‌ಟಿ ಬಂತು, 10 ಎಂಬಿ ಹಾರ್ಡ್ ಡಿಸ್ಕ್ ಜೊತೆ. ಈಗ ಕಪಾಟು ಬೇಕಾಯ್ತು. ಡಾಸ್ 2ರಲ್ಲಿ ಫೋಲ್ಡರ್ ಬಂತು. ಆಗ ಪ್ರಶ್ನೆ ಎದ್ದಿತು: ಸಿಓಎನ್ ಯಾವ ಫೋಲ್ಡರಿನಲ್ಲಿ ಇರಬೇಕು?

ಯುನಿಕ್ಸ್‌ನವರು ಯಂತ್ರಗಳ ಹೆಸರಿಗೆಲ್ಲ ಒಂದು ಪ್ರತ್ಯೇಕ ಫೋಲ್ಡರ್ ಇಟ್ಟಿದ್ದರು. ಡಾಸ್‌ನವರೂ ಹಾಗೆ ಮಾಡಬಹುದಿತ್ತು. ಆದ್ರೆ ಎರಡು ವರ್ಷದಲ್ಲಿ ಜನ ದುಡ್ಡು ಕೊಟ್ಟು ತಗೊಂಡ ಪ್ರೋಗ್ರಾಂಗಳಿದ್ದವು. ಅವಕ್ಕೆ ಫೋಲ್ಡರ್ ಅಂದ್ರೆ ಗೊತ್ತಿಲ್ಲ, ಪಿಆರ್‌ಎನ್ ಅಂದ್ರೆ ಪ್ರಿಂಟರ್ ಅಂತ ಮಾತ್ರ ಗೊತ್ತು. ನಿಯಮ ಬದಲಿಸಿದ್ರೆ ಅವೆಲ್ಲ ನಿಂತು ಹೋಗ್ತಿದ್ದವು. ಹಾಗಾಗಿ ಸುಲಭದ ದಾರಿ ಹಿಡಿದ್ರು: ಈ ಹೆಸರುಗಳು ಎಲ್ಲಾ ಫೋಲ್ಡರಿನಲ್ಲೂ ಇವೆ ಅಂತ ಲೆಕ್ಕ. ನೀವು ಎಲ್ಲಿ ಹೊಸ ಫೋಲ್ಡರ್ ಮಾಡಿದ್ರೂ ಅದರೊಳಗೆ ಕಣ್ಣಿಗೆ ಕಾಣದ ಸಿಓಎನ್ ಮೊದಲೇ ಕೂತಿದೆ.

ಹೆಸರಿನ ಮುಂದೆ ಡಾಟ್ ಹಾಕಿ ಎಂತದಾದ್ರೂ ಸೇರಿಸಿದ್ರೆ? ಆಗಲೂ ಇಲ್ಲ. ಯಾಕಂದ್ರೆ ಕೆಲವು ಪ್ರೋಗ್ರಾಂಗಳು ನೀವು ಕೊಟ್ಟ ಹೆಸರಿಗೆ ತಾವೇ ಬಾಲ ಅಂಟಿಸ್ತಿದ್ದವು. ನೀವು ಪಿಆರ್‌ಎನ್ ಅಂತ ಕೊಟ್ರೆ ಅದು ಬಾಲ ಸೇರಿಸಿ ಕಳಿಸ್ತಿತ್ತು. ಹಾಗಾಗಿ ಬಾಲವನ್ನು ಲೆಕ್ಕಕ್ಕೇ ತಗೊಳ್ಳಬಾರದು ಅಂತ ಮಾಡಿದ್ರು.

ನಮ್ಮ ಬಿಕಾಂನವರಿಗೆ ಇದು ಬೇಗ ಅರ್ಥ ಆಗ್ತದೆ. ಟ್ಯಾಲಿಯಲ್ಲಿ ಹೊಸ ಕಂಪೆನಿ ತೆರೆದ ಕೂಡ್ಲೇ ಎರಡು ಲೆಡ್ಜರ್ ತಾನಾಗಿ ಬಂದಿರ್ತವೆ, ಕ್ಯಾಶ್ ಮತ್ತು ಪ್ರಾಫಿಟ್ ಆ್ಯಂಡ್ ಲಾಸ್. ನೀವು ಮತ್ತೆ ಕ್ಯಾಶ್ ಅಂತ ಲೆಡ್ಜರ್ ಮಾಡ್ಲಿಕ್ಕೆ ಹೋದ್ರೆ ಡೂಪ್ಲಿಕೇಟ್ ಅನ್ನುತ್ತದೆ. ಇಲ್ಲಿ ಒಂದೇ ವ್ಯತ್ಯಾಸ: ಟ್ಯಾಲಿಯ ಕ್ಯಾಶ್ ಕಣ್ಣಿಗೆ ಕಾಣ್ತದೆ, ಸಿಓಎನ್ ಕಾಣುವುದಿಲ್ಲ. ಕಾಣದಿದ್ದದ್ದೇ ಮಾವನಿಗೆ ಮುಳುವಾಯ್ತು.

ಭಾಗ 5

ಡಾಸ್ ಹೋಯ್ತು, ವಿಂಡೋಸ್ ಬಂತು, ನಿಯಮ ಹೋಗಲಿಲ್ಲ. 2001ರ ಎಕ್ಸ್‌ಪಿ ಡಾಸ್‌ನ ಮೇಲೆ ಕಟ್ಟಿದ್ದೇ ಅಲ್ಲ, ಅದರ ಬುನಾದಿ ಎನ್‌ಟಿ. ಆದ್ರೂ ಹಳೇ ಪ್ರೋಗ್ರಾಂಗಳಿಗಾಗಿ ಹಳೇ ಹೆಸರುಗಳನ್ನು ಕಾಯ್ದಿಟ್ಟರು. ಬಾಡಿಗೆದಾರ ಬಿಟ್ಟು ಹೋದ ಕೋಣೆಗೆ ಅವನ ಹೆಸರಿನ ಬೋರ್ಡು ಹಾಗೇ ಇಟ್ಟ ಹಾಗೆ.

ಇದರಿಂದ ತೊಂದರೆಯೂ ಆಗಿದೆ. ವಿಂಡೋಸ್ 95, 98ರಲ್ಲಿ ಒಂದು ವಿಳಾಸದೊಳಗೆ ಸಿಓಎನ್ ಎರಡು ಸಲ ಒಟ್ಟಿಗೆ ಬಂದ್ರೆ ಇಡೀ ಕಂಪ್ಯೂಟರ್ ನೀಲಿ ಪರದೆ ತೋರಿಸಿ ನಿಂತು ಬಿಡ್ತಿತ್ತು. ವೆಬ್ ಪುಟದಲ್ಲಿ ಆ ವಿಳಾಸ ಅಡಗಿಸಿಟ್ಟು ಬೇರೆಯವರ ಕಂಪ್ಯೂಟರ್ ನಿಲ್ಲಿಸಬಹುದಿತ್ತು. ಮೈಕ್ರೋಸಾಫ್ಟ್ ಅದಕ್ಕೆ ಮದ್ದು ಕೊಟ್ಟದ್ದು 2000ದ ಮಾರ್ಚ್‌ನಲ್ಲಿ.

ನಮ್ಮ ದೇಶದಲ್ಲಿ ಇದು ಬೇರೆಯೇ ಕತೆಯಾಯ್ತು. ಆಗ ಸೈಬರ್ ಕೆಫೆ, ಇಮೇಲ್ ಫಾರ್ವರ್ಡಿನ ಕಾಲ. ಈ ಹೆಸರಿನ ಫೋಲ್ಡರ್ ಆಗುವುದಿಲ್ಲ ಅಂತ ಕಂಡುಹಿಡಿದದ್ದು ಒಬ್ಬ ಭಾರತೀಯ, ಬಿಲ್ ಗೇಟ್ಸ್‌ಗೇ ಉತ್ತರ ಗೊತ್ತಿಲ್ಲ ಅಂತ ಒಂದು ಮೆಸೇಜ್ ಊರೆಲ್ಲ ಓಡಿತು. ಗೇಟ್ಸ್‌ಗೆ ಚಿಕ್ಕಂದಿನಲ್ಲಿ ಆ ಅಡ್ಡ ಹೆಸರಿತ್ತು, ಸಿಟ್ಟಿನಲ್ಲಿ ನಿಷೇಧ ಮಾಡಿದ ಅಂತಲೂ ಒಂದು ಕತೆ. ಎರಡೂ ಸುಳ್ಳು. ಉತ್ತರ ಡಾಸ್ ಕಲಿತ ಎಲ್ಲರಿಗೂ ಗೊತ್ತಿತ್ತು. "ಕಾಪಿ ಕಾನ್" ಅಂತ ಹೊಡೆದು ಫೈಲ್ ಬರೆದು, ಕೊನೆಗೆ ಕಂಟ್ರೋಲ್ ಝಡ್ ಒತ್ತಿದವರು ನಿಮ್ಮ ಮನೆಯಲ್ಲೂ ಇರಬಹುದು, ಕೇಳಿ ನೋಡಿ.

ನನಗೆ ಬೇಜಾರು ಬೇರೆ. ಅಷ್ಟು ಜನ ಆ ಮೆಸೇಜ್ ಓದಿದ್ರು, ಕಾರಣ ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ. ರಿಪೇರಿಗೆ ಬಂದವರಿಗೆ ಆ ಒಂದು ಸಾಲು ಗೊತ್ತಿದ್ದಿದ್ರೆ ಮಾವನ ಲೆಕ್ಕ ಉಳೀತಿತ್ತು.

ಭಾಗ 6

ಈಗ ಉಪಯೋಗಕ್ಕೆ ಬರುವ ಭಾಗ. ಸೇವ್ ಮಾಡಿ ಇಟ್ಕೊಳ್ಳಿ.

ವಿಂಡೋಸ್‌ನಲ್ಲಿ ಫೋಲ್ಡರಿಗೆ ಇಡಲಾಗದ ಇಂಗ್ಲಿಷ್ ಹೆಸರುಗಳು: ಸಿಓಎನ್, ಪಿಆರ್‌ಎನ್, ಎಯುಎಕ್ಸ್, ಎನ್‌ಯುಎಲ್. ಮತ್ತೆ ಸಿಓಎಂ ಹಾಗೂ ಎಲ್‌ಪಿಟಿ, ಇವೆರಡರ ಮುಂದೆ 1ರಿಂದ 9ರವರೆಗಿನ ಒಂದು ಅಂಕಿ. ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಕಾಮರ್ಸ್ ಮೊದಲ ಸೆಮಿಸ್ಟರ್ ಅಂತ ಸಿಓಎಂ 1 ಅಂತ ಜಾಗ ಬಿಡದೆ ಬರೆಯುವವರು ಜಾಗ್ರತೆ!

ಹೆಸರು ಈ ಪಟ್ಟಿಯಲ್ಲಿ ಇಲ್ಲ, ಆದ್ರೂ ಫೋಲ್ಡರ್ ಆಗುದಿಲ್ಲ ಅಂತಾದ್ರೆ ಇಷ್ಟು ನೋಡಿ. ಹೆಸರಲ್ಲಿ ಓರೆ ಗೀಟು, ಎರಡು ಚುಕ್ಕಿ, ನಕ್ಷತ್ರ, ಪ್ರಶ್ನೆ ಚಿಹ್ನೆ, ಉದ್ಧರಣ ಚಿಹ್ನೆ ಇದ್ದರೆ ಆಗುದಿಲ್ಲ. ಫೋಲ್ಡರೊಳಗೆ ಫೋಲ್ಡರ್ ಹೋಗಿ ಹೋಗಿ ಇಡೀ ವಿಳಾಸ 260 ಅಕ್ಷರದ ಹತ್ತಿರ ಬಂದ್ರೂ ತಕರಾರು. ಪೆನ್‌ಡ್ರೈವ್ ಅಥವಾ ಕಾರ್ಡಿಗೆ ಲಾಕ್ ಬಿದ್ದಿರಬಹುದು, ಡಿಸ್ಕ್ ತುಂಬಿರಬಹುದು, ಕಾಲೇಜಿನ ಕಂಪ್ಯೂಟರ್ ಆದ್ರೆ ನಿಮಗೆ ಆ ಡ್ರೈವಿನಲ್ಲಿ ಬರೆಯುವ ಅನುಮತಿ ಇಲ್ಲದಿರಬಹುದು. ಮೊದಲು ಬೇರೆ ಹೆಸರು ಕೊಟ್ಟು ನೋಡಿ. ಬೇರೆ ಹೆಸರಿಗೆ ಆಯ್ತು ಅಂದ್ರೆ ತಪ್ಪು ಹೆಸರಿನದ್ದು, ಕಂಪ್ಯೂಟರಿನದ್ದಲ್ಲ. ಫಾರ್ಮ್ಯಾಟ್ ಅನ್ನುವ ಮಾತು ಎಲ್ಲಕ್ಕಿಂತ ಕೊನೆಗೆ, ಅದೂ ಬ್ಯಾಕಪ್ ಆದ ಮೇಲೆ.

ಕಮಾಂಡ್ ಕೊಟ್ಟು ಈ ಹೆಸರಿನ ಫೋಲ್ಡರ್ ಮಾಡುವ ವಿಡಿಯೋಗಳು ಉಂಟು. ಮಾಡಬಹುದು, ನಿಜ. ಆಮೇಲೆ ಮಾಮೂಲಿ ರೀತಿಯಲ್ಲಿ ಡಿಲೀಟ್ ಮಾಡ್ಲಿಕ್ಕೆ ಹೋಗಿ, ಗೊತ್ತಾಗ್ತದೆ. ಮತ್ತೆ ಕೆಲವರು ಆಲ್ಟ್ ಒತ್ತಿ ನಂಬರ್ ಹೊಡೆದು ಮಾಡಿದೆ ಅನ್ನುತ್ತಾರೆ. ಅದು ಆ ಹೆಸರೇ ಅಲ್ಲ, ಪಕ್ಕದಲ್ಲಿ ಕಾಣದ ಒಂದು ಅಕ್ಷರ ಸೇರಿದೆ ಅಷ್ಟೇ.

ಒಂದು ಖುಷಿಯ ವಿಷಯ: ಕನ್ನಡದಲ್ಲಿ "ಕಾನ್" ಅಂತ ಬರೆದ್ರೆ ಫೋಲ್ಡರ್ ಆಗ್ತದೆ! ನಾನೇ ಮಾಡಿ ನೋಡಿದೆ. ಯಂತ್ರಕ್ಕೆ ಗೊತ್ತಿರುವುದು ಆ ಮೂರು ಇಂಗ್ಲಿಷ್ ಅಕ್ಷರ ಮಾತ್ರ, ಉಚ್ಚಾರ ಅಲ್ಲ. ನುಡಿಯಲ್ಲಿ ಟೈಪ್ ಮಾಡುವವರು ಬಳಸುವ ಕೀಲಿಮಣೆ ವಿನ್ಯಾಸ ಮಾಡಿದ ಕೆ.ಪಿ. ರಾವ್ ನಮ್ಮ ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ಇಂಥವರ ಕೆಲಸದ ಮೇಲೆ ನಿಂತು ನಾನಿವತ್ತು ಫೋಲ್ಡರಿಗೆ ಕನ್ನಡದ ಹೆಸರು ಇಡ್ತೇನೆ. ಸಂವಿಧಾನದ ನೋಟ್ಸ್ ಈಗ "ಸಂವಿಧಾನ" ಅನ್ನುವ ಫೋಲ್ಡರಿನಲ್ಲೇ ಉಂಟು.

ಭಾಗ 7

ಲೆಕ್ಕ ಹೋದ ಮೇಲೆ ಎಂತಾಯ್ತು ಅಂತ ಅಮ್ಮನ ಹತ್ರ ಕೇಳಿದೆ. ಬೀಡಿ ಕಟ್ಟುವ ಪ್ರತಿ ಹೆಂಗಸಿನ ಕೈಯಲ್ಲೂ ಒಂದು ಪುಸ್ತಕ ಇರ್ತಿತ್ತು, ಕೊಟ್ಟ ಬೀಡಿಯ ಲೆಕ್ಕ ಅದರಲ್ಲಿ ಬರೆಸಿಕೊಳ್ಳುವುದು. ಮಾವ ಮನೆಮನೆಗೆ ಹೋಗಿ ಅವನ್ನೆಲ್ಲ ತಂದ್ರು. ಅಮ್ಮ ಓದಿ ಹೇಳುವುದು, ಮಾವ ಬರೆಯುವುದು. ಮಳೆಗಾಲ. ಕೆಲವು ಪುಸ್ತಕ ಒದ್ದೆಯಾಗಿ ಹಾಳೆ ಅಂಟಿಕೊಂಡಿತ್ತು. ಮೂರು ವಾರ ಹಿಡಿಯಿತು. ಇಬ್ಬರ ಪುಸ್ತಕ ಸಿಗಲೇ ಇಲ್ಲ, ಅವರು ಹೇಳಿದ ಲೆಕ್ಕವನ್ನೇ ನಂಬಿ ಬರೆದ್ರು. ಆ ತಿಂಗಳು ಮಾವನಿಗೆ ಸಂಬಳ ಸಿಗಲಿಲ್ಲ. "ಕಂಪ್ಯೂಟರ್ ಬರದವನು ಯಾಕೆ ಮುಟ್ಟಿದ್ದು" ಅಂತ ಮಾತು ಕೇಳಬೇಕಾಯ್ತು. ಆಮೇಲೆ ಅವರು ಮುಟ್ಟಲೂ ಇಲ್ಲ.

ಹೋದ ಆದಿತ್ಯವಾರ ನಾನು ಲ್ಯಾಪ್‌ಟಾಪ್ ತಗೊಂಡು ಮಾವನ ಮನೆಗೆ ಹೋದೆ. ಅವರ ಎದುರೇ ಫೋಲ್ಡರ್ ಮಾಡ್ಲಿಕ್ಕೆ ಹೋಗಿ ಪೆಟ್ಟಿಗೆ ತೋರಿಸಿದೆ. ಇದು ಹೊಸ ಲ್ಯಾಪ್‌ಟಾಪ್, ವೈರಸ್ ಇಲ್ಲ, ಇದರಲ್ಲೂ ಆಗುವುದಿಲ್ಲ ಅಂದೆ. ಫ್ಲಾಪಿ, ಪ್ರಿಂಟರ್, 1981, 1983, ಎಲ್ಲ ಹೇಳಿದೆ. ಮಾವ ಕನ್ನಡಕ ಹಾಕಿಕೊಂಡು ಪರದೆ ನೋಡಿದ್ರು. ತಾವೇ ಒಂದು ಸಲ ಟೈಪ್ ಮಾಡಿದ್ರು, ಒಂದೇ ಬೆರಳಲ್ಲಿ. ಅದೇ ಪೆಟ್ಟಿಗೆ ಬಂತು.

"ಹಾಗಾದ್ರೆ ಕಾಂಟ್ರಾಕ್ಟರ್ ಅಂತ ಪೂರ್ತಿ ಬರೆದಿದ್ರೆ ಆಗ್ತಿತ್ತಾ?"

"ಆಗ್ತಿತ್ತು ಮಾವ."

ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಅತ್ತೆಯನ್ನು ಕರೆದು "ಇದನ್ನು ನೋಡು ಇಲ್ಲಿ, ನನ್ನದಲ್ಲ ತಪ್ಪು" ಅಂದ್ರು. ಅತ್ತೆ ಅಡುಗೆ ಮನೆಯಿಂದಲೇ "ನಾನು ಆಗಲೇ ಹೇಳಿದ್ದೆ ಅಲ್ವಾ" ಅಂದ್ರು.

 ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಹಾಳು ಮಾಡಿದ್ದು ನೀನೇ ಅಂತ ಬೈಸಿಕೊಂಡವರು ಯಾರಾದ್ರೂ ಇದ್ರೆ ಕೆಳಗೆ ಬರೆಯಿರಿ. ಏನಾಗಿತ್ತು, ಯಾವ ವರ್ಷ ಅಂತ ಹೇಳಿದ್ರೆ ಕಾರಣ ಹುಡುಕುವ. ಎಷ್ಟು ಜನರ ತಪ್ಪು ತಪ್ಪೇ ಅಲ್ಲವೋ ಏನೋ.